ಅರ್ಕಾವತ್ತು

ಸಮ್ಮೇಳನದ ಎರಡನೇ ದಿನ, ಊಟ ಆದ ಮೇಲೆ,
ಸರಸ್ವತಿಪುರಂನ ಕಾಲೇಜಿನ ಮೇಲ್ಮಹಡಿಯಲ್ಲಿ
ಬಾಗಿಲಿಗೊಂದು ಹಾಳೆ ಅಂಟಿಸಿದ್ದರು:
‘ಗಣಕ ಬಳಕೆದಾರರ ಕೂಟ, ಕಾರ್ಯಕಾರಿ ಸಮಿತಿ ಸಭೆ.
ಮುಕ್ತ. ಯಾರು ಬೇಕಾದರೂ ಬರಬಹುದು.’
ಯಾರೂ ಬಂದಿರಲಿಲ್ಲ. ನಾನು ಹೋದೆ.

ಹೋದದ್ದು ಫ್ಯಾನಿಗೆ, ಸುಳ್ಳೇಕೆ.
ಕೆಳಗೆ ಒಬ್ಬ ಹುಡುಗ ಕಡತಗಳನ್ನು
ಮೋಡದಲ್ಲಿ ಇಡುವ ಬಗೆ ಹೇಳುತ್ತಿದ್ದ.
ಹೊಟ್ಟೆಯಲ್ಲಿ ಬಿಸಿಬೇಳೆಬಾತು, ಕಣ್ಣು ಎಳೆಯುತ್ತಿತ್ತು.

ಲಾಳದ ಹಾಗೆ ಜೋಡಿಸಿದ ಮೇಜು,
ಆರು ಜನ, ಒಂಬತ್ತು ನೀರಿನ ಬಾಟಲಿ.
ಗೋಡೆಗೆ ಒತ್ತಿ ಹತ್ತು ಪ್ಲಾಸ್ಟಿಕ್ ಕುರ್ಚಿ, ನಮ್ಮಂಥವರಿಗೆ.
ನಮ್ಮಂಥವರೆಂದರೆ ನಾನೊಬ್ಬಳೇ.
‘ಕೇಳಬಹುದು ತಾಯಿ, ಮಾತಾಡುವ ಹಾಗಿಲ್ಲ’
ಎಂದರು ಅಧ್ಯಕ್ಷರು; ಎಂದು ನಾಚಿಕೊಂಡರು.

ಖಜಾಂಚಿ ನಂಜರಾಜೇ ಅರಸು ಕನ್ನಡಕ ಏರಿಸಿ
ಉಳಿಕೆ ಓದಿದರು: ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಕಳೆದ ಸಲದ ಬ್ಯಾನರಿಗೆ ಹದಿನೆಂಟು ನೂರು,
ಅದರಲ್ಲಿ ಇಸವಿ ತಪ್ಪು, ಮತ್ತೆ ಕಟ್ಟುವ ಹಾಗಿಲ್ಲ.
ಚಹಾದ ಬಿಲ್ಲಿಗೆ ಇಪ್ಪತ್ತು ನಿಮಿಷ ಜಗಳ.
ತಮ್ಮದಲ್ಲದ ದುಡ್ಡಿಗೆ ಇಷ್ಟು ಜೋಪಾನವಾಗಿ
ಜಗಳ ಆಡುವವರನ್ನು ನಾನು ನೋಡಿರಲಿಲ್ಲ.
ಮಂಡ್ಯದಲ್ಲಿ ನಮ್ಮ ರಸ್ತೆಯ ವರ್ತಕರ ಸಂಘಕ್ಕೆ
ಸಭೆ ಮುಗಿದ ಮೇಲೇ ಸಭೆ, ಬೀಡಾ ಅಂಗಡಿ ಮುಂದೆ.

ವಿಷಯ ಏಳು: ಹಳೆಯ ಅಕ್ಷರಶೈಲಿಯ ಬರಹವನ್ನು
ಹೊಸದಕ್ಕೆ ತಿರುಗಿಸುವ ತಂತ್ರಾಂಶ. ಕೈಬಿಡುವುದು.
ಬರೆದವನು ಊರಲ್ಲಿಲ್ಲ, ಹುಳುಕು ತೆಗೆಯುವವರಿಲ್ಲ,
ಅಲ್ಲದೆ ಈಗ ಅದನ್ನು ಯಾರೂ ಬಳಸುವುದಿಲ್ಲ.
ಆರು ತಲೆ ಅಲ್ಲಾಡಿದವು.

ಯಾರೂ.
ನನ್ನ ಅಂಗಡಿಯ ಗಣಕದಲ್ಲಿ ಹತ್ತೊಂಬತ್ತು ವರ್ಷದ ಮದುವೆಗಳಿವೆ,
ಗೃಹಪ್ರವೇಶ, ನಾಮಕರಣ, ಹನ್ನೊಂದನೇ ದಿನದ ಕಾರ್ಡು,
ಎಲ್ಲ ಹಳೆ ಅಕ್ಷರದಲ್ಲಿ.
ಅಕ್ಕನಿಗೆ ಮಾಡಿದ್ದನ್ನೇ ತಂಗಿಗೂ ಮಾಡಿಕೊಡಿ ಅಂತಾರೆ.
ತಿರುಗಿಸಿದರೆ ಶುಭಮುಹೂರ್ತ ಹೋಗಿ ‘ಶುಭಮುಹೂತರ್’,
ಆಶೀರ್ವಾದ ಹೋಗಿ ‘ಆಶೀವಾರ್ದ’.
ಒಮ್ಮೆ ಹಾಗೇ ಅಚ್ಚಾಯಿತು, ಮುನ್ನೂರು ಪ್ರತಿ.
ಹುಡುಗಿಯ ತಂದೆ ಬೈಯಲಿಲ್ಲ. ಹಾಳೆ ಹಿಡಿದು
ಸುಮ್ಮನೆ ನಿಂತುಬಿಟ್ಟರು. ದುಡ್ಡು ನಾನೇ ತೆತ್ತೆ.

ಆದರೆ ಮಾತಾಡುವ ಹಾಗಿಲ್ಲವಲ್ಲ.

ಕಾರ್ಯದರ್ಶಿ ತಬಸ್ಸುಮ್, ಸ್ಕೂಟರಿನಿಂದ ಬಿದ್ದು ಬಲಗೈಗೆ ಪಟ್ಟಿ,
ಎಡಗೈಯ ಒಂದೇ ಬೆರಳಲ್ಲಿ ನಡಾವಳಿ ಕುಟ್ಟುತ್ತಿದ್ದಳು.
ಕೋಳಿ ಕಾಳು ಹೆಕ್ಕಿದ ಹಾಗೆ. ನೋಡಲಾಗಲಿಲ್ಲ ನನಗೆ.
ಎದ್ದು ಹೋದೆ, ಕೀಲಿಮಣೆ ನನ್ನ ಕಡೆ ಎಳೆದುಕೊಂಡೆ.
ಬೆರಳಾಡಿಸಬಾರದೆಂದು ಯಾರೂ ಹೇಳಿರಲಿಲ್ಲ.

‘ಕಳೆದ ಸಭೆಯದ್ದನ್ನೂ ಸೇರಿಸಿ’ ಎಂದರು ಅಧ್ಯಕ್ಷರು.
ಅದು ಹಳೆ ಅಕ್ಷರದಲ್ಲಿತ್ತು.
ಅದೇ ತಂತ್ರಾಂಶಕ್ಕೆ ಹಾಕಿ ತಿರುಗಿಸಿದೆ.
ಗೋಡೆಯ ಮೇಲೆ ಆಳೆತ್ತರಕ್ಕೆ ಬಿತ್ತು:
‘ಕಾಯರ್ಕಾರಿ ಸಮಿತಿ.’
‘ಗೌರವ ಕಾಯರ್ದಶಿರ್.’
‘ವಂದನಾಪರ್ಣೆ’ ಮಾತ್ರ ಹೇಗೋ ಇನ್ನೊಂದು ಬಗೆ ಕೆಟ್ಟಿತ್ತು.

ಮೊದಲು ನಕ್ಕವರು ಅರಸು ಅವರೇ.
ಆಮೇಲೆ ಫ್ಯಾನಿನ ಸದ್ದು ಮಾತ್ರ.

ಒಂದೊಂದೇ ಸರಿ ಮಾಡುತ್ತ ಹೋದೆ, ಅವಸರವಿಲ್ಲದೆ,
ಒಂದೊಂದು ರೇಫನ್ನೂ ಅದರ ಜಾಗಕ್ಕೆ ದಬ್ಬಿ.
ನಮ್ಮ ಸಾತನೂರಿನ ಮೇಷ್ಟ್ರು ಹೇಳುತ್ತಿದ್ದರು:
ಬಾಯಲ್ಲಿ ಮೊದಲು ಬರುತ್ತೆ ಕಣಮ್ಮ, ಬರವಣಿಗೆಯಲ್ಲಿ
ಹಿಂದೆ ನಿಲ್ಲುತ್ತೆ, ಅದರ ಗುಣವೇ ಹಾಗೆ.

‘ಹಾಜರಿದ್ದವರಲ್ಲಿ ನಿಮ್ಮ ಹೆಸರೂ ಹಾಕಿ’ ಎಂದಳು ತಬಸ್ಸುಮ್.
ವೀಕ್ಷಕರು: ಸರ್ವಮಂಗಳ, ಮಂಡ್ಯ.
ಎರಡು ಸಲ ನೋಡಿದೆ. ನೆಟ್ಟಗೇ ಇತ್ತು.

ವಿಷಯ ಏಳರ ಮುಂದೆ
ನಿರ್ಣಯ ಅಂತ ಹೊಡೆದು, ಅವರು ತಡೆದರೆಂದು ಅಳಿಸಿ,
‘ಮುಂದೂಡಲಾಗಿದೆ’ ಎಂದು ಹೊಡೆದೆ.
ಅದರಲ್ಲಿ ಅರ್ಕಾವತ್ತಿಲ್ಲ, ಕೆಡುವ ಭಯವಿಲ್ಲ.

ಐದು ಗಂಟೆಯ ಪ್ಯಾಸೆಂಜರು ತಪ್ಪಿತು.
ಚಹಾದ ಹುಡುಗ ಬಂದ. ಖಜಾಂಚಿ ಪುಸ್ತಕ ತೆರೆದು
ಆರು ಎಂದು ಬರೆದಿದ್ದನ್ನು
ಪೆನ್ನಿನಿಂದ ಒತ್ತಿ ತಿದ್ದಿ ಏಳು ಮಾಡಿದರು.